ಎಡಗೈ ಟೋಪಿಯ ಮೇಲೆ

ಡಬ್ಬಿಯ ಮೇಲೆ ಬರೆದದ್ದು:
ಹಾಲಿನ ಡೈರಿ, ಶುಚಿತ್ವ ಪಾಠ, ಭಾಗ ಎರಡು.
ತೆರೆದರೆ ವಿನೆಗರ್ ವಾಸನೆ.
ಸಾಯಲು ಹೊರಟ ಫಿಲ್ಮು ಹೀಗೇ ನಾರುವುದು,
ಉಪ್ಪಿನಕಾಯಿ ಭರಣಿಗೆ ಬೂಷ್ಟು ಹಿಡಿದ ಹಾಗೆ.
ಎರಾಲ್ದೊ ಮೂಗು ಮುಚ್ಚಿಕೊಂಡು
"ಹಸುಗಳಿಗೇನು ಅವಸರ, ನಾಳೆ ನೋಡೋಣ" ಅಂದ.
ನನಗೆ ಮನೆಗೆ ಹೋಗುವ ಮನಸ್ಸಿರಲಿಲ್ಲ, ಅಷ್ಟೆ.
ಹೊರಗೆ ತುರಿನ್ ನಗರದ ಮಂಜು,
ಪೋ ನದಿ ಇದೆಯೋ ಇಲ್ಲವೋ ಎನ್ನುವಷ್ಟು.

ಹಸು ಬರಲಿಲ್ಲ.
ಬಂದವನು ಫ್ರಿಂಗ್ವೆಲ್ಲೊ.

ಹಕ್ಕಿಯ ಹೆಸರಿಟ್ಟುಕೊಂಡು ಒಂದು ದಿನವೂ ಹಾಡದವನು,
ಮೂಕಿಚಿತ್ರದ ಕಾಲದ ನಗೆಗಾರ,
ನನ್ನ ಅಜ್ಜಿಯ ಮದುವೆಗೂ ಮುಂಚೆ
ಈ ಊರಿನ ಗಾಜಿನ ಸ್ಟುಡಿಯೋಗಳಲ್ಲಿ
ವಾರಕ್ಕೊಂದರಂತೆ ಬಿದ್ದವನು:
ಏಣಿಯಿಂದ, ಸೈಕಲ್ಲಿನಿಂದ, ಬಿಷಪ್ಪರ ಮಡಿಲಿನಿಂದ.
ಮುಂದೆ ಮೀಸೆ ಬಂತು, ಪ್ಯಾರಿಸ್ ಬಂತು, ಹೆಸರು ಬಂತು;
ಎಲ್ಲರಿಗೂ ಗೊತ್ತಿರುವುದು ಆ ಮೀಸೆಯೇ.
ಇದು ಅದಕ್ಕೂ ಮೊದಲಿನದು,
ಬಿದ್ದರೆ ಮಣ್ಣಾಗಲು ಮೀಸೆಯೇ ಇರದಿದ್ದ ಕಾಲದ್ದು.

ನೀವೆಸ್ ಬ್ರುನೆಂಗೊ ಎಂಬಾಕೆ ತೆಗೆದ ಸಾಕ್ಷ್ಯಚಿತ್ರ,
ಇಪ್ಪತ್ತೇಳು ನಿಮಿಷ.
ಟಿವಿಯವರು ಒಮ್ಮೆ ತೋರಿಸಿದರಂತೆ
ಎಪ್ಪತ್ತೊಂದರ ಆಗಸ್ಟ್ ಹದಿನಾಲ್ಕರ ರಾತ್ರಿ,
ಕಾರ್ಖಾನೆಗಳಿಗೆ ಬೀಗ ಬಿದ್ದು
ಊರಿಗೆ ಊರೇ ಕಡಲಿಗೆ ಹೋಗಿರುವಾಗ.
ನೋಡಿದವರು ಯಾರು?
ಸೆಕೆಗೆ ನಿದ್ದೆ ಬಾರದ ಕಾವಲುಗಾರರು,
ಬಹುಶಃ ಒಂದೆರಡು ಬೆಕ್ಕು.
ಆಮೇಲೆ ಯಾರೋ ಖಾಲಿ ಡಬ್ಬಿ ಹುಡುಕಿದ್ದಾರೆ,
ಡೈರಿಯದು ಸಿಕ್ಕಿದೆ.

ಚಿತ್ರದಲ್ಲಿ ಹೆಚ್ಚೇನಿಲ್ಲ.
ಒಂದು ಅಡುಗೆಮನೆ, ಪ್ಲಾಸ್ಟಿಕ್ ಹಾಸಿದ ಮೇಜು,
ಅದರಾಚೆ ಕ್ಲೊತಿಲ್ದೆ, ಎಂಬತ್ತೊಂದು ವರ್ಷ,
ಆಗ ಅವನ ಮುಖಕ್ಕೆ ಹಿಟ್ಟೆರಚುವ ಪಾತ್ರದವಳು.
ಬಟಾಣಿ ಸುಲಿಯುತ್ತಲೇ ಮಾತು.
ಕಾಣದ ನೀವೆಸ್ ಆಗಾಗ ಕೆಮ್ಮುತ್ತಾಳೆ.
ನಡುವೆ, ಎಡಿಟಿಂಗ್ ಮೇಜಿನ ಗಾಜಿನಿಂದಲೇ ಹಿಡಿದಿಟ್ಟ
ನಲವತ್ತು ಸೆಕೆಂಡಿನ ಒಂದು ತುಣುಕು.
ಮೂಲ ಎಂದೋ ಸುಟ್ಟುಹೋಗಿದೆ,
ಇದೊಂದೇ ಉಳಿದದ್ದು.

ಸಣಕಲು ಹುಡುಗ, ದೊಡ್ಡ ಕೋಟು.
ಬಾಗಿಲಿಗೆ ಬರುತ್ತಾನೆ, ಬಾಡಿಗೆ ಚೀಟಿ ನೋಡುತ್ತಾನೆ,
ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಒಂದು ಕಟ್,
ಮೆಟ್ಟಿಲ ಮೇಲೆ ಬೆನ್ನು ಮಾತ್ರ, ಉರುಳು, ಉರುಳು,
ಎಡಗೈ ಟೋಪಿಯ ಮೇಲೆ, ಹದಿಮೂರು ಮೆಟ್ಟಿಲೂ,
ಮದುವೆಗೆ ಹೊರಟವರ ಹಾಗೆ ಮರ್ಯಾದೆಯಿಂದ.
ಮತ್ತೊಂದು ಕಟ್. ಎದ್ದು ನಿಂತ ಹುಡುಗ
ಬಿದ್ದ ಜಾಗವನ್ನೇ ನೋಡುತ್ತಾನೆ,
ಅಲ್ಲಿಗೆ ತಾನು ಬಂದದ್ದು ಹೇಗೆಂದು ತಿಳಿಯದವನಂತೆ.

ನಗು ಬಂತು. ಜಟ್ಟಿ ಜಾರಿ ಬಿದ್ದರೆ
ಅದೂ ಒಂದು ಪಟ್ಟು, ಅಂದುಕೊಂಡೆ.

"ಅಷ್ಟು ಚೆನ್ನಾಗಿ ಬೀಳುವುದನ್ನು
ಅವನಿಗೆ ಕಲಿಸಿದವರು ಯಾರು?" ನೀವೆಸ್ ಕೇಳುತ್ತಾಳೆ.
ಕ್ಲೊತಿಲ್ದೆ ಬಟ್ಟಲು ಪಕ್ಕಕ್ಕಿಟ್ಟು
ಮಡಿಲ ಸಿಪ್ಪೆ ಕೊಡವಿ ಏಳುತ್ತಾಳೆ.
"ಬೇಡ, ಬೇಡ," ಕ್ಯಾಮೆರಾ ಹಿಂದಿನಿಂದ ಕೂಗು,
ಚೌಕಟ್ಟು ಅಲ್ಲಾಡಿ,
ಮುದುಕಿ ಬಿದ್ದಳು.
ಸದ್ದೇ ಇಲ್ಲ. ಒಗೆದ ಬಟ್ಟೆ ಹಗ್ಗದಿಂದ ಜಾರಿದ ಹಾಗೆ.
ಒಂದು ಗಳಿಗೆ ಕೋಣೆಗೆ ಉಸಿರಿಲ್ಲ.
ಆಮೇಲೆ ಮೇಜಿನ ಅಂಚಿನಿಂದ ಮೆಲ್ಲಗೆ
ಒಂದು ಪಾದ ಮೇಲೆದ್ದು ಬೆರಳಾಡಿಸುತ್ತದೆ.

ಹಿಂದಕ್ಕೆ ತಿರುಗಿಸಿದೆ. ಮತ್ತೆ. ಮತ್ತೆ.
ಹನ್ನೊಂದನೆಯ ಸಲ ಕಂಡಿತು:
ಬೀಳುವಾಗ ಅವಳ ಎಡಗೈ
ನರೆಗೂದಲ ಬರಿದಲೆಯ ಮೇಲೆ,
ಇಲ್ಲದ ಟೋಪಿಯನ್ನು ಹಿಡಿದು.

ಚಿತ್ರ ಇದನ್ನು ಎಲ್ಲೂ ಹೇಳುವುದಿಲ್ಲ.
ನೀವೆಸ್ ಕಾಣಲಿಲ್ಲವೋ, ಕಂಡೂ ಬಿಟ್ಟಳೋ,
ಟಿವಿಯವರು ಕತ್ತರಿಸಿದರೋ.
ಕ್ಲೊತಿಲ್ದೆ ಮತ್ತೆ ಕುರ್ಚಿಗೆ ಬಂದು
"ಹುಡುಗ ಒಳ್ಳೆಯವನು. ಎತ್ತರಕ್ಕೆ ಹೆದರುತ್ತಿದ್ದ" ಎಂದು
ಇನ್ನೊಂದು ಬಟಾಣಿ ಬಿಡಿಸುವಷ್ಟರಲ್ಲಿ
ರೀಲು ಮುಗಿಯುತ್ತದೆ.

ಕಾರ್ಡು ತುಂಬಿದೆ. ನಟ, ನಿರ್ದೇಶಕಿ, ಅವಧಿ,
ಸ್ಥಿತಿ: ಶಿಥಿಲ.
ಬಿದ್ದವರು ಎಂಬ ಕಾಲಮ್ಮು ನಮ್ಮಲ್ಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಅವಳ ಹೆಸರು ಬರೆದೆ,
ಪ್ರಶ್ನೆಚಿಹ್ನೆ ಹಾಕಿದೆ,
ಅಳಿಸಿದೆ, ಚಿಹ್ನೆಯನ್ನು.

ಬೆಳಿಗ್ಗೆ ಎರಾಲ್ದೊ ಬಂದು ಕಿಟಕಿ ತೆರೆದ.
"ಹೇಗಿದ್ದವು ಹಸುಗಳು?"
"ಶುಚಿಯಾಗಿದ್ದವು" ಅಂದೆ. "ಕೂತುಕೋ.
ಎಡಗೈ ಮೇಲೆ ಕಣ್ಣಿಡು."